ಬೀಗ ತೆರೆಯಲು ಇಷ್ಟು ಹೊತ್ತೇಕೆ?

ವಿರಾರಿನಿಂದ ಚರ್ಚ್‌ಗೇಟಿಗೆ ಸುಮಾರು 60 ಕಿಲೋಮೀಟರ್. ಕಲ್ಯಾಣದಿಂದ ಸಿಎಸ್‌ಎಂಟಿಗೆ 50ಕ್ಕೂ ಹೆಚ್ಚು. ಬೆಳಗಿನ ಗರ್ದಿಯಲ್ಲಿ ಬ್ಯಾಗನ್ನು ಬೆನ್ನಿನಿಂದ ಎದೆಗೆ ತಂದುಕೊಂಡು ನಿಲ್ಲುವ ಜನರಲ್ಲಿ ಎಷ್ಟೋ ಮಂದಿ ಹೊತ್ತಿರುವುದು ತಮ್ಮದಷ್ಟೇ ಅಲ್ಲದ ಮಾಹಿತಿಯನ್ನು. ಸಿಎ ಕಚೇರಿಯ ಆರ್ಟಿಕಲ್ ಹುಡುಗನ ಲ್ಯಾಪ್‌ಟಾಪಿನಲ್ಲಿ ನೂರಾರು ಕಕ್ಷಿದಾರರ ಪ್ಯಾನ್ ನಂಬರು, ಬ್ಯಾಂಕ್ ಸ್ಟೇಟ್‌ಮೆಂಟು. ಹೈಕೋರ್ಟಿಗೆ ಹೊರಟ ಕಿರಿಯ ವಕೀಲೆಯ ಯಂತ್ರದಲ್ಲಿ ಯಾರದೋ ವಿಚ್ಛೇದನದ ಅರ್ಜಿ. ಊರಿನವರ ಸಂಘಕ್ಕೆ ಕಾರ್ಯದರ್ಶಿಯಾದವರ ಬಳಿ ಸದಸ್ಯರ ವಿಳಾಸ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳ ಆಧಾರ್ ಪ್ರತಿ.

ಲ್ಯಾಪ್‌ಟಾಪ್ ಕಳುವಾದರೆ ದುಡ್ಡು ಕೊಟ್ಟು ಇನ್ನೊಂದು ತರಬಹುದು. ಒಳಗಿನದು ಹಾಗಲ್ಲ. ಲಾಗಿನ್ ಪಾಸ್‌ವರ್ಡ್ ಇದೆಯಲ್ಲ ಎಂದು ನಂಬಿಕೊಂಡವರು ತಿಳಿಯಬೇಕಾದದ್ದು ಇಷ್ಟು: ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ ಆ ಪಾಸ್‌ವರ್ಡನ್ನು ಯಾರೂ ಕೇಳುವುದೇ ಇಲ್ಲ. ಕಳ್ಳನೇ ಬೇಕೆಂದೂ ಇಲ್ಲ. ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ರಿಪೇರಿಗೆ ಕೊಟ್ಟು ಬಂದ ಯಂತ್ರ, ಬದಲಾಯಿಸಿ ಮೂಲೆಗೆ ಬಿಸಾಡಿದ ಹಳೆಯ ಡಿಸ್ಕು, ಎಲ್ಲವೂ ತೆರೆದ ಪುಸ್ತಕವೇ. ಇಡೀ ಡಿಸ್ಕಿನ ಎನ್‌ಕ್ರಿಪ್ಷನ್ ಇದ್ದರೆ ಮಾತ್ರ ಕೀಲಿ ಇಲ್ಲದವನ ಕೈಗೆ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೂಕ್ತ ಭದ್ರತೆ ಮಾಡದೆ ಇತರರ ಮಾಹಿತಿ ಸೋರಲು ಬಿಟ್ಟ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ವಿಧಿಸಬಹುದು ಎನ್ನುತ್ತದೆ. 2025ರ ನವೆಂಬರಿನಲ್ಲಿ ಹೊರಟ ಅದರ ನಿಯಮಗಳು ಭದ್ರತಾ ಕ್ರಮಗಳಲ್ಲಿ ಎನ್‌ಕ್ರಿಪ್ಷನ್ನಿನ ಹೆಸರನ್ನು ನೇರವಾಗಿಯೇ ಹೇಳಿವೆ.

ಲಿನಕ್ಸಿನಲ್ಲಿ ಈ ಸೌಲಭ್ಯಕ್ಕೆ ಕಾಸು ಕೊಡಬೇಕಿಲ್ಲ. ಮುಂಬೈಗೆ ಲಿನಕ್ಸ್ ಹೊಸತೂ ಅಲ್ಲ. ಪೊವಾಯಿಯ ಐಐಟಿಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಲಿನಕ್ಸ್ ಮತ್ತು ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಕೇಳಿಸಿದೆ. ಅದೇ ಐಐಟಿಯ ಫಾಸಿ ಯೋಜನೆ ಕಾಲೇಜುಗಳನ್ನು ದುಬಾರಿ ತಂತ್ರಾಂಶಗಳಿಂದ ಮುಕ್ತ ತಂತ್ರಾಂಶದತ್ತ ಒಯ್ಯಲು ದುಡಿಯುತ್ತಿದೆ. ಇಂಥ ಪಾಠಗಳಿಂದ ಕಲಿತು ತಮ್ಮ ಯಂತ್ರಕ್ಕೆ ತಾವೇ ಲಿನಕ್ಸ್ ಹಾಕಿಕೊಂಡು, ಇನ್‌ಸ್ಟಾಲ್ ಮಾಡುವಾಗ ‘ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡು’ ಎಂಬ ಚೌಕಕ್ಕೆ ಟಿಕ್ ಹಾಕಿದವರು ಅನೇಕರು.

ಮರುದಿನದಿಂದ ಅವರಲ್ಲಿ ಕೆಲವರಿಗೆ ಒಂದು ಕಾಟ ಶುರುವಾಗುತ್ತದೆ. ಪವರ್ ಬಟನ್ ಒತ್ತಿದರೆ ಕಪ್ಪು ಪರದೆಯ ಮೇಲೆ ಪಾಸ್‌ಫ್ರೇಸ್ ಕೇಳುವ ಒಂದೇ ಸಾಲು. ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಯಾವ ಸದ್ದೂ ಇಲ್ಲ, ಚುಕ್ಕಿಯೂ ಮಿಟುಕುವುದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು, ಕೆಲವು ಯಂತ್ರಗಳಲ್ಲಿ ಅರ್ಧ ನಿಮಿಷವನ್ನೂ ದಾಟುತ್ತದೆ. ಒಂದಕ್ಷರ ತಪ್ಪಿದ್ದರೆ ಅಷ್ಟೂ ಹೊತ್ತು ಕಾದ ಮೇಲೆ ‘ತಪ್ಪು’ ಎಂಬ ಉತ್ತರ ಬರುತ್ತದೆ, ಮತ್ತೆ ಮೊದಲಿನಿಂದ ಆಗಬೇಕು. ಸರಿಯಾಗಿದ್ದರೂ ಕೆಲವು ಯಂತ್ರಗಳು ಸ್ವಲ್ಪ ಮುಂದೆ ಹೋಗಿ ಅದೇ ಪಾಸ್‌ಫ್ರೇಸನ್ನು ಎರಡನೇ ಸಲ ಕೇಳುತ್ತವೆ.

ಅರ್ಧ ನಿಮಿಷಕ್ಕೆ ಇಷ್ಟೊಂದು ಗೊಣಗಬೇಕೇ ಎಂದು ಕೇಳುವವರಿದ್ದಾರೆ. ಬೇಕು ಎನ್ನುತ್ತೇನೆ. ಇಲ್ಲಿ ಪ್ರಶ್ನೆ ತಾಳ್ಮೆಯದಲ್ಲ. ತೆರೆಯಲು ತಡವಾಗುವ ಯಂತ್ರವನ್ನು ಜನ ಆರಿಸುವುದನ್ನೇ ಬಿಡುತ್ತಾರೆ. ಸಂಜೆ ಮುಚ್ಚಳ ಮಡಚಿ ಹಾಗೆಯೇ ಬ್ಯಾಗಿಗೆ ಹಾಕುತ್ತಾರೆ. ಮುಚ್ಚಳ ಮಡಚಿದ ಲ್ಯಾಪ್‌ಟಾಪ್ ಸಾಮಾನ್ಯವಾಗಿ ನಿದ್ದೆಗೆ ಜಾರಿರುತ್ತದೆಯೇ ಹೊರತು ಆರಿರುವುದಿಲ್ಲ, ಮತ್ತು ನಿದ್ದೆಯಲ್ಲಿರುವ ಯಂತ್ರದ ರ್‍ಯಾಮಿನಲ್ಲಿ ಡಿಸ್ಕಿನ ಕೀಲಿ ಹಾಗೆಯೇ ಕೂತಿರುತ್ತದೆ. ವಿದ್ಯುತ್ ಕಡಿದ ಮೇಲೂ ಸ್ವಲ್ಪ ಹೊತ್ತು ರ್‍ಯಾಮಿನಲ್ಲಿ ಉಳಿಯುವ ಕೀಲಿಯನ್ನು ಎತ್ತಿಕೊಳ್ಳಬಹುದೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಮಾಡಿ ತೋರಿಸಿದ್ದಾರೆ. ಅಂದರೆ ದಾದರಿನ ಸೇತುವೆಯ ಮೇಲೆ ಕಳುವಾದ ಅಂಥ ಲ್ಯಾಪ್‌ಟಾಪಿಗೆ ಉಳಿದ ಕಾವಲು ಪರದೆಯ ಲಾಕ್ ಒಂದೇ. ಬೀಗ ಗಟ್ಟಿಯಾಗಿಯೇ ಇತ್ತು. ತೆರೆಯುವುದು ತ್ರಾಸವೆಂದು ಅದನ್ನು ಯಾರೂ ಹಾಕಲಿಲ್ಲ, ಅಷ್ಟೆ. ಇನ್ನು ಕೆಲವರು ಬೇಸತ್ತು ಎನ್‌ಕ್ರಿಪ್ಷನ್ನನ್ನೇ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಳ್ಳುತ್ತಾರೆ. ಎರಡರಲ್ಲೂ ಸೋತದ್ದು ಸುರಕ್ಷತೆ, ಸೋಲಿಸಿದ್ದು ವಿಳಂಬ. ಆ ವಿಳಂಬದ ಬಹುಪಾಲು ಸುರಕ್ಷತೆಗೆ ತೆರಬೇಕಾದ ಬೆಲೆಯೂ ಅಲ್ಲ ಎಂಬುದನ್ನೇ ನಾನಿಲ್ಲಿ ಹೇಳಹೊರಟಿರುವುದು.

ತಡವಾಗುವುದು ಎಲ್ಲಿ? ಬಹಳ ಜನ ಡಿಸ್ಕನ್ನು ದೂರುತ್ತಾರೆ. ಇಷ್ಟು ದೊಡ್ಡ ಡಿಸ್ಕನ್ನು ಬಿಡಿಸಿ ಓದಲು ಸಮಯ ಬೇಕಲ್ಲವೇ ಎನ್ನುತ್ತಾರೆ. ಹಾಗಲ್ಲ. ಲಿನಕ್ಸಿನ ಈ ವ್ಯವಸ್ಥೆಯ ಹೆಸರು ಲಕ್ಸ್; 2004ರ ಸುಮಾರಿಗೆ ಕ್ಲೆಮೆನ್ಸ್ ಫ್ರುವಿರ್ತ್ ರೂಪಿಸಿದ್ದು. ಇದರಲ್ಲಿ ಡಿಸ್ಕನ್ನು ಕಾಯುವುದು ಯಂತ್ರವೇ ಯಾದೃಚ್ಛಿಕವಾಗಿ ಹುಟ್ಟಿಸಿದ ಒಂದು ಮೂಲ ಕೀಲಿ. ನಾವು ಟೈಪ್ ಮಾಡುವ ಪಾಸ್‌ಫ್ರೇಸ್ ಆ ಮೂಲ ಕೀಲಿಯನ್ನಷ್ಟೇ ಬಿಡಿಸುತ್ತದೆ. ಪಾಸ್‌ಫ್ರೇಸ್ ಬದಲಾಯಿಸಿದರೆ ಇಡೀ ಡಿಸ್ಕನ್ನು ಹೊಸದಾಗಿ ಬರೆಯಬೇಕಾಗದೆ ಕ್ಷಣದಲ್ಲಿ ಕೆಲಸ ಮುಗಿಯುವುದು ಇದೇ ಕಾರಣಕ್ಕೆ. ಒಮ್ಮೆ ಮೂಲ ಕೀಲಿ ಸಿಕ್ಕಿತೆಂದರೆ, ಎಇಎಸ್ ಎಂಬ ಎನ್‌ಕ್ರಿಪ್ಷನ್ ಲೆಕ್ಕವನ್ನು ಮಾಡುವ ಆದೇಶಗಳು ಚಿಪ್ಪಿನೊಳಗೇ ಇರುವುದರಿಂದ (ಇಂಟೆಲ್ 2010ರಿಂದ ಇವನ್ನು ಕೊಡುತ್ತ ಬಂದಿದೆ) ಓದು ಬರಹದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ತಡವಾಗುವುದು ಪಾಸ್‌ಫ್ರೇಸಿನಿಂದ ಕೀಲಿ ತಯಾರಿಸುವ ಹಂತದಲ್ಲಿ, ಅದೂ ಬೇಕೆಂದೇ. ಮನುಷ್ಯರ ಪಾಸ್‌ಫ್ರೇಸುಗಳು ಊಹೆಗೆ ಸಿಗುವಂಥವು. ಕದ್ದವನು ಕೋಟಿಗಟ್ಟಲೆ ಊಹೆಗಳನ್ನು ಯಂತ್ರಕ್ಕೆ ಕೊಟ್ಟು ಪ್ರಯತ್ನಿಸಬಲ್ಲ. ಆದ್ದರಿಂದ ಒಂದೊಂದು ಊಹೆಯೂ ದುಬಾರಿಯಾಗಲೆಂದು ಅದೇ ಲೆಕ್ಕವನ್ನು ಲಕ್ಷಾಂತರ ಸಲ ಸುತ್ತಿಸುತ್ತಾರೆ. ಹೀಗೆ ಮಾಡುವ ಹಳೆಯ ವಿಧಾನ ಪಿಬಿಕೆಡಿಎಫ್2; ಊಹೆಯನ್ನು ಬೇರೆ ಬಗೆಯಲ್ಲಿ ದುಬಾರಿಯಾಗಿಸುವ ಹೊಸ ವಿಧಾನ ಆರ್ಗಾನ್2. ಎಷ್ಟು ಸುತ್ತು ಎಂಬುದು ನಿಗದಿಯಾಗುವುದು ಪಾಸ್‌ಫ್ರೇಸ್ ಇಟ್ಟ ದಿನ: ಕ್ರಿಪ್ಟ್‌ಸೆಟಪ್ ಎಂಬ ತಂತ್ರಾಂಶ ನಿಮ್ಮ ಯಂತ್ರದ ವೇಗವನ್ನು ಅಳೆದು, ಸುಮಾರು ಎರಡು ಸೆಕೆಂಡು ಹಿಡಿಯುವಷ್ಟು ಸುತ್ತುಗಳನ್ನು ಬರೆದಿಡುತ್ತದೆ. ಪಿಬಿಕೆಡಿಎಫ್2 ಆದರೆ ಈಗಿನ ಲ್ಯಾಪ್‌ಟಾಪಿನಲ್ಲಿ ಆ ಸಂಖ್ಯೆ ಹತ್ತಾರು ಲಕ್ಷಕ್ಕೆ ಏರುವುದು ಸಾಮಾನ್ಯ.

ಎರಡು ಸೆಕೆಂಡೆಂದು ಅಳೆದದ್ದು ಇಪ್ಪತ್ತು ಹೇಗಾಯಿತು? ಅಳೆದವರು ಒಬ್ಬರು, ಲೆಕ್ಕ ಮಾಡುವವರು ಇನ್ನೊಬ್ಬರು. ವೇಗ ಅಳೆದದ್ದು ಪೂರ್ತಿ ಎಚ್ಚೆತ್ತ ಲಿನಕ್ಸಿನಲ್ಲಿ, ಆಧುನಿಕ ಪ್ರೊಸೆಸರಿನ ಎಲ್ಲ ಸೌಕರ್ಯವನ್ನೂ ಬಳಸಿಕೊಂಡು. ಬೆಳಿಗ್ಗೆ ಪಾಸ್‌ಫ್ರೇಸ್ ಕೇಳುವುದು ಗ್ರಬ್. ಲಿನಕ್ಸಿನ ಕರ್ನಲನ್ನು ಹುಡುಕಿ ಎಬ್ಬಿಸುವುದಷ್ಟೇ ಈ ಸಣ್ಣ ಬೂಟ್‌ಲೋಡರಿನ ಕೆಲಸ. ಅದು ಓಡುವುದು ಒಂದೇ ಕೋರಿನಲ್ಲಿ. ಈ ಲೆಕ್ಕವನ್ನು ಚುರುಕಾಗಿಸುವ ಚಿಪ್ಪಿನ ವಿಶೇಷ ಆದೇಶಗಳು ಅದಕ್ಕೆ ಸಿಗುವುದಿಲ್ಲ. ಅಷ್ಟೇ ಸುತ್ತುಗಳನ್ನು ಮುಗಿಸಲು ಅದಕ್ಕೆ ಅನೇಕ ಪಟ್ಟು ಹೊತ್ತು ಬೇಕು. ಯಂತ್ರ ಹೊಸದಾದಷ್ಟೂ ಅಳತೆಯಲ್ಲಿ ಬರುವ ಸುತ್ತಿನ ಸಂಖ್ಯೆ ದೊಡ್ಡದು. ಆ ಹೊರೆಯೆಲ್ಲ ಗ್ರಬ್ಬಿನ ತಲೆಗೆ. ಹೊಸ ಲ್ಯಾಪ್‌ಟಾಪ್ ಕೊಂಡರೂ ಬೂಟ್ ನಿಧಾನವೇ ಎಂದು ಜನ ಕಂಗಾಲಾಗುವುದು ಇದರಿಂದ.

ಹಾಗಾದರೆ ಮೊದಲು ಕೇಳಬೇಕಾದದ್ದು, ಈ ಲೆಕ್ಕವನ್ನು ಗ್ರಬ್ಬೇ ಮಾಡಬೇಕೇ ಎಂದು. ಉಬುಂಟು, ಫೆಡೋರಾ, ಡೆಬಿಯನ್‌ಗಳ ಇನ್‌ಸ್ಟಾಲರುಗಳು ರೂಢಿಯಂತೆ ಬೂಟ್ ವಿಭಾಗವನ್ನು ಮಾತ್ರ ಎನ್‌ಕ್ರಿಪ್ಟ್ ಮಾಡದೆ ಪ್ರತ್ಯೇಕ ಇಡುತ್ತವೆ. ಗ್ರಬ್ ಅಲ್ಲಿಂದ ಕರ್ನಲನ್ನು ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತದೆ, ಪಾಸ್‌ಫ್ರೇಸನ್ನು ಎಚ್ಚೆತ್ತ ಕರ್ನಲ್ಲೇ ಕೇಳುತ್ತದೆ, ಎರಡು ಸೆಕೆಂಡೆಂದರೆ ಎರಡೇ ಸೆಕೆಂಡು. ಮಂಜಾರೋದಂಥ ವಿತರಣೆಗಳಲ್ಲಿ ಬಳಕೆಯಾಗುವ ಕ್ಯಾಲಮಾರಿಸ್ ಇನ್‌ಸ್ಟಾಲರ್ ಬೂಟ್ ವಿಭಾಗವನ್ನೂ ಬೀಗದೊಳಗೆ ಸೇರಿಸುವುದರಿಂದ ಗ್ರಬ್ ಕೇಳಲೇಬೇಕಾಗುತ್ತದೆ. ಹಾಗೆ ಸೇರಿಸಲು ಕಾರಣವಿದೆ: ತೆರೆದಿಟ್ಟ ಬೂಟ್ ವಿಭಾಗವನ್ನು, ನೀವು ಇಲ್ಲದಾಗ ಯಂತ್ರ ಮುಟ್ಟಬಲ್ಲವನೊಬ್ಬ ತಿದ್ದಿ, ಪಾಸ್‌ಫ್ರೇಸ್ ಕದಿಯುವ ಕರ್ನಲನ್ನು ಇಟ್ಟು ಹೋಗಬಹುದು. ಅಂಥ ಶತ್ರು ಇರುವ ಪತ್ರಕರ್ತರಿಗೂ ಹೋರಾಟಗಾರರಿಗೂ ಇದು ನಿಜವಾದ ಭಯ. ಲೋಕಲ್ಲಿನಲ್ಲಿ ಬ್ಯಾಗ್ ಕಳೆದುಕೊಳ್ಳುವ ಅಪಾಯವೇ ಮುಖ್ಯವಾದವರಿಗೆ ಪ್ರತ್ಯೇಕ ಬೂಟ್ ವಿಭಾಗ, ಜೊತೆಗೆ ಸಹಿಯಿಲ್ಲದ ಕರ್ನಲನ್ನು ಏಳಗೊಡದ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಹೊಸದಾಗಿ ಇನ್‌ಸ್ಟಾಲ್ ಮಾಡುವವರು ಇಷ್ಟು ನೋಡಿಕೊಂಡರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಈಗಾಗಲೇ ಗ್ರಬ್ಬಿನ ಕೈಗೆ ಬೀಗ ಕೊಟ್ಟವರು ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡಬೇಕಿಲ್ಲ. ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಡಂಪ್ ಆದೇಶ ಕೊಟ್ಟರೆ ಡಿಸ್ಕಿನ ಆರಂಭದಲ್ಲಿರುವ ತಲೆಬರಹದ (ಹೆಡರ್) ವಿವರ ಪರದೆಯ ಮೇಲೆ ಬರುತ್ತದೆ. ಅಲ್ಲಿ ಎರಡು ಸಂಗತಿ ನೋಡಬೇಕು. ಒಂದು, ಗೂಡುಗಳು. ಲಕ್ಸ್‌ನ ಮೊದಲ ಆವೃತ್ತಿಯಲ್ಲಿ ಎಂಟು, ಎರಡನೆಯದರಲ್ಲಿ 32ರವರೆಗೆ ಗೂಡುಗಳಿರಬಹುದು. ಒಂದೊಂದರಲ್ಲಿ ಒಂದೊಂದು ಪಾಸ್‌ಫ್ರೇಸ್. ನೀವು ಟೈಪ್ ಮಾಡಿದ್ದು ಯಾವ ಗೂಡಿನದೆಂದು ಗ್ರಬ್ಬಿಗೆ ಗೊತ್ತಿಲ್ಲ. ಕತ್ತಲಲ್ಲಿ ಬಾಗಿಲ ಮುಂದೆ ನಿಂತು ಕೀಲಿಗೊಂಚಲಿನ ಒಂದೊಂದೇ ಕೀಲಿ ತೂರಿಸಿ ನೋಡುವವರ ಹಾಗೆ ಅದು ಸೊನ್ನೆಯಿಂದ ಆರಂಭಿಸಿ ಸಾಲಾಗಿ ಪ್ರಯತ್ನಿಸುತ್ತದೆ, ಮತ್ತು ಪ್ರತಿ ತಪ್ಪು ಗೂಡಿಗೂ ಪೂರ್ತಿ ಸುತ್ತುಗಳ ಲೆಕ್ಕ ಮಾಡಿಯೇ ಮುಂದೆ ಹೋಗುತ್ತದೆ. ನಿಮ್ಮ ಪಾಸ್‌ಫ್ರೇಸ್ ಮೂರನೆಯ ಗೂಡಿನಲ್ಲಿದ್ದರೆ ಮೂರು ಪಟ್ಟು ಹೊತ್ತು. ದಿನಾ ಬಳಸುವುದನ್ನು ಸೊನ್ನೆಯ ಗೂಡಿಗೆ ತಂದು, ಬೇಡವಾದ ಹಳೆಯವನ್ನು ಅಳಿಸಿದರೆ ಭದ್ರತೆ ಒಂದು ಎಳೆಯೂ ಸಡಿಲವಾಗದೆ ಕಾಯುವ ಸಮಯ ಇಳಿಯುತ್ತದೆ.

ಎರಡನೆಯದು ಸುತ್ತುಗಳ ಸಂಖ್ಯೆ. ಪಾಸ್‌ಫ್ರೇಸ್ ಬದಲಾಯಿಸುವ ಆದೇಶಕ್ಕೆ ಇಂತಿಷ್ಟೇ ಸುತ್ತು ಎಂದು ಒತ್ತಾಯಿಸುವ ಅವಕಾಶವಿದೆ. ಇಪ್ಪತ್ತು ಲಕ್ಷವಿದ್ದುದನ್ನು ಎರಡು ಲಕ್ಷಕ್ಕೆ ಇಳಿಸಿದರೆ ಇಪ್ಪತ್ತು ಸೆಕೆಂಡಿನ ಕಾಯುವಿಕೆ ಎರಡಕ್ಕೆ ಇಳಿಯುತ್ತದೆ. ಬದಲಾಯಿಸಿದ ಮೇಲೆ ಮತ್ತೊಮ್ಮೆ ಗೂಡುಗಳ ಪಟ್ಟಿ ನೋಡುವುದು ಒಳ್ಳೆಯದು. ಲಕ್ಸ್‌ನ ಮೊದಲ ಆವೃತ್ತಿಯಲ್ಲಿ ಹೊಸ ಪಾಸ್‌ಫ್ರೇಸ್ ಬೇರೆ ಸಂಖ್ಯೆಯ ಗೂಡಿಗೆ ಹೋಗಿ ಕೂತಿರಬಹುದು.

ಇಲ್ಲಿ ಓದುಗರಿಗೆ ಸಂಶಯ ಬರಬೇಕು, ಬರುವುದೇ ಸರಿ. ನಮಗೆ ಹತ್ತು ಪಟ್ಟು ಸಲೀಸಾದದ್ದು ಕಳ್ಳನಿಗೂ ಹತ್ತು ಪಟ್ಟು ಸಲೀಸಾಯಿತಲ್ಲ? ಆಯಿತು. ಆದರೆ ಆ ಹತ್ತು ಪಟ್ಟನ್ನು ಮರಳಿ ಪಡೆಯಲು ಎಷ್ಟು ಬೇಕು ಎಂದು ಲೆಕ್ಕ ಹಾಕಿ ನೋಡೋಣ. ಅಮೆರಿಕದ ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಡೈಸ್‌ವೇರ್ ಎಂಬ ಸರಳ ಪದ್ಧತಿಯನ್ನು ಮುಂದಿಟ್ಟರು. ದಾಳವನ್ನು ಐದು ಸಲ ಉರುಳಿಸಿದರೆ ಬರಬಹುದಾದ 7,776 ಫಲಗಳಿಗೆ ಒಂದೊಂದು ಪದ. ಬಿದ್ದ ಪದವನ್ನು ಬರೆದುಕೊಂಡು ಮತ್ತೆ ದಾಳ ಉರುಳಿಸಿ ಮುಂದಿನ ಪದ. ಹೀಗೆ ಪಾಸ್‌ಫ್ರೇಸಿಗೆ ಒಂದೇ ಒಂದು ಪದ ಹೆಚ್ಚಿಸಿದರೆ ಕಳ್ಳನ ಕೆಲಸ 7,776 ಪಟ್ಟು ಹೆಚ್ಚುತ್ತದೆ. ಸುತ್ತುಗಳಲ್ಲಿ ಕಳೆದುಕೊಂಡದ್ದು ಹತ್ತು ಪಟ್ಟು, ಪದದಲ್ಲಿ ಗಳಿಸಿದ್ದು ಏಳು ಸಾವಿರಕ್ಕೂ ಮೀರಿ. ಟೈಪ್ ಮಾಡಲು ಒಂದೆರಡು ಸೆಕೆಂಡು ಹೆಚ್ಚು ಹಿಡಿದೀತು. ಆದ್ದರಿಂದ ಸುತ್ತು ಇಳಿಸುವವರು ಪದ ಹೆಚ್ಚಿಸಲೇಬೇಕು. ಇದನ್ನು ಬಿಟ್ಟು ‘ವೇಗ ಹೆಚ್ಚಿಸುವ ಉಪಾಯ’ವನ್ನು ಮಾತ್ರ ಹೇಳಿಕೊಡುವವರ ಮಾತು ಕೇಳಬೇಡಿ.

ಪದಗಳು ಕನ್ನಡದವೇ ಆಗಲಿ. ಗ್ರಬ್ಬಿಗೆ ಮೊದಲ ಹಂತದಲ್ಲಿ ತಿಳಿಯುವುದು ಅಮೆರಿಕನ್ ಕೀಬೋರ್ಡ್ ಮಾತ್ರ. ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು, ಳಕಾರ ಣಕಾರಗಳನ್ನು ಹೇಗೆ ಬರೆಯುತ್ತೀರೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಕನ್ನಡ ನಿಘಂಟಿನ ಯಾವುದೋ ಪುಟ, ಯಾವುದೋ ಸಾಲು ಎಂದು ದಾಳದಿಂದಲೇ ನಿರ್ಧರಿಸಿ ಆರಿಸಿದ ಸಂಬಂಧವಿಲ್ಲದ ಆರು ಪದಗಳು ಒಳ್ಳೆಯ ಪಾಸ್‌ಫ್ರೇಸ್. ಬಾಯಿಗೆ ಬರುವ ವಚನದ ಸಾಲು, ದಾಸರ ಪದ, ರಾಜಕುಮಾರ್ ಸಿನಿಮಾದ ಹಾಡು ಎಷ್ಟೇ ಉದ್ದವಿದ್ದರೂ ಬೇಡ. ಅಚ್ಚಾದ ಸಾಲುಗಳೆಲ್ಲ ಊಹಿಸುವವರ ಪಟ್ಟಿಗೆ ಸೇರಬಲ್ಲವು.

ಪಾಸ್‌ಫ್ರೇಸನ್ನು ಎರಡು ಸಲ ಕೇಳುವ ಕಾಟಕ್ಕೂ ಮದ್ದಿದೆ. ಗ್ರಬ್ ತನಗಾಗಿ ತೆರೆದ ಬೀಗವನ್ನು ಕರ್ನಲಿಗೆ ದಾಟಿಸುವುದಿಲ್ಲವಾದ್ದರಿಂದ ಕರ್ನಲ್ ಹೊಸದಾಗಿ ಕೇಳುತ್ತದೆ. ಯಾದೃಚ್ಛಿಕ ಅಂಕಿಗಳ ಒಂದು ಕೀಲಿ ಕಡತವನ್ನು ಬೇರೆ ಗೂಡಿಗೆ ಸೇರಿಸಿ, ಕರ್ನಲ್ ಎದ್ದ ಕೂಡಲೇ ಬಳಸುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಕಡತಕಟ್ಟಿನಲ್ಲಿ ಅದನ್ನು ಇಟ್ಟರೆ ಎರಡನೇ ಪ್ರಶ್ನೆ ನಿಲ್ಲುತ್ತದೆ. ಬೂಟ್ ವಿಭಾಗವೂ ಎನ್‌ಕ್ರಿಪ್ಟ್ ಆಗಿರುವಲ್ಲಿ ಮಾತ್ರ ಹೀಗೆ ಮಾಡಬೇಕು, ಇಲ್ಲದಿದ್ದರೆ ಕೀಲಿಯನ್ನು ಹೊಸ್ತಿಲ ಮೇಲಿಟ್ಟಂತೆಯೇ. ಆ ಕಡತವನ್ನು ಮೂಲ ಬಳಕೆದಾರನ ಹೊರತು ಯಾರೂ ಓದದಂತೆ ಅನುಮತಿ ಬಿಗಿಗೊಳಿಸಬೇಕು. ಇಂಥ ಕೀಲಿ ಕಡತವನ್ನು ಊಹಿಸಲು ಯಾರಿಂದಲೂ ಆಗದ ಕಾರಣ ಅದಕ್ಕೆ ಲಕ್ಷಾಂತರ ಸುತ್ತುಗಳ ಅಗತ್ಯವೇ ಇಲ್ಲ. ಪಿಬಿಕೆಡಿಎಫ್2ರಲ್ಲಿ ಅನುಮತಿಸುವ ಕನಿಷ್ಠ, ಅಂದರೆ ಸಾವಿರ ಸುತ್ತು ಇಟ್ಟರೂ ನಷ್ಟವಿಲ್ಲ. ಯಾವ ಗೂಡು ನೋಡಬೇಕೆಂದು ಕ್ರಿಪ್ಟ್‌ಟ್ಯಾಬ್ ಕಡತದಲ್ಲಿ ಬರೆದಿಟ್ಟರೆ ಹುಡುಕಾಟದ ಒಂದೆರಡು ಸೆಕೆಂಡೂ ಉಳಿಯುತ್ತದೆ.

ಆರ್ಗಾನ್2ರ ವಿಷಯದಲ್ಲಿ ಒಂದು ಎಚ್ಚರಿಕೆ. 2015ರಲ್ಲಿ ಮುಗಿದ ಪಾಸ್‌ವರ್ಡ್ ಹ್ಯಾಷಿಂಗ್ ಸ್ಪರ್ಧೆಯಲ್ಲಿ ಗೆದ್ದ ಈ ವಿಧಾನ ಸಮಯದ ಜೊತೆಗೆ ಮೆಮೊರಿಯನ್ನೂ ಹೇರಳವಾಗಿ ಬೇಡುವುದರಿಂದ, ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಗ್ರಾಫಿಕ್ಸ್ ಕಾರ್ಡುಗಳ ಆಟ ಇದರ ಮುಂದೆ ಅಷ್ಟಾಗಿ ನಡೆಯುವುದಿಲ್ಲ. ಲಿನಕ್ಸ್ ಭದ್ರತೆಯ ಕ್ಷೇತ್ರದಲ್ಲಿ ಹೆಸರಾದ ಮ್ಯಾಥ್ಯೂ ಗ್ಯಾರೆಟ್ 2023ರಲ್ಲಿ, ಪಿಬಿಕೆಡಿಎಫ್2 ಬಿಟ್ಟು ಇದಕ್ಕೆ ಬನ್ನಿ ಎಂದು ಎಲ್ಲರಿಗೂ ಕರೆ ಕೊಟ್ಟರು. ಸರಿಯಾದ ಸಲಹೆ. ಆದರೆ 2021ರಲ್ಲಿ ಬಂದ ಗ್ರಬ್ 2.06 ಲಕ್ಸ್‌ನ ಎರಡನೆಯ ಆವೃತ್ತಿಯನ್ನು ಓದಲು ಕಲಿತರೂ ಆರ್ಗಾನ್2 ಅದಕ್ಕೆ ಬಾರದು. ಅಂಥ ಗ್ರಬ್ ಇರುವ ಯಂತ್ರದಲ್ಲಿ ಈ ಬದಲಾವಣೆ ಮಾಡಿದರೆ ಮರುದಿನ ಯಂತ್ರ ಏಳುವುದೇ ಇಲ್ಲ. ಪಾಸ್‌ಫ್ರೇಸನ್ನು ಕರ್ನಲ್ ಕೇಳುವ ವ್ಯವಸ್ಥೆಯಲ್ಲಿ ಈ ಭಯವಿಲ್ಲ. ಪ್ರತ್ಯೇಕ ಬೂಟ್ ವಿಭಾಗವನ್ನು ನಾನು ಮೆಚ್ಚಲು ಇದೂ ಕಾರಣ.

ಇನ್ನೂ ವೇಗ ಬೇಕೆನ್ನುವವರಿಗೆ, ಯಂತ್ರದೊಳಗೇ ಕೂತು ಕೀಲಿ ಕಾಯುವ ಟಿಪಿಎಂ ಚಿಪ್ ಇದೆ. ಲಿನಕ್ಸಿನ ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಂಡಿ ತಂತ್ರಾಂಶದ, 2021ರಲ್ಲಿ ಬಂದ 248ನೇ ಆವೃತ್ತಿಯಿಂದ ಇದನ್ನು ಲಕ್ಸ್‌ಗೆ ಜೋಡಿಸುವುದು ಸುಲಭವಾಗಿದೆ. ಬೂಟ್ ಆಗುವ ಪರಿಸರ ಬದಲಾಗಿಲ್ಲವೆಂದು ಚಿಪ್ಪಿಗೆ ಖಾತರಿಯಾದರೆ ಕೀಲಿಯನ್ನು ಅದೇ ಬಿಟ್ಟುಕೊಡುತ್ತದೆ. ಕದ್ದವನು ಪವರ್ ಒತ್ತಿದರೂ ಕೊಡುತ್ತದೆ ಎಂಬುದೇ ಇದರ ಕೊರತೆ. ಆಮೇಲೆ ಉಳಿಯುವುದು ಲಾಗಿನ್ ಪರದೆ. ಆದ್ದರಿಂದ ಪಯಣಿಸುವ ಲ್ಯಾಪ್‌ಟಾಪಿಗೆ ಪಿನ್ ಸೇರಿಸಲೇಬೇಕು. ತಪ್ಪು ಪಿನ್ನುಗಳು ಹೆಚ್ಚಾದರೆ ಚಿಪ್ಪೇ ಬಾಗಿಲು ಹಾಕಿಕೊಳ್ಳುವುದರಿಂದ ಆ ಪಿನ್ ಚಿಕ್ಕದಾಗಿದ್ದರೂ ನಡೆಯುತ್ತದೆ.

ಕಚೇರಿಯ ಮೂಲೆಯಲ್ಲಿ ಹಗಲಿರುಳು ಓಡುವ ಕಂಪ್ಯೂಟರಿನ ಸಮಸ್ಯೆ ಬೇರೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಗ್ರಿಡ್ ಕೈಕೊಟ್ಟು ಮುಂಬೈ, ಠಾಣೆ, ನವಿ ಮುಂಬೈ ಒಟ್ಟಿಗೆ ಕತ್ತಲಾದವು, ಲೋಕಲ್ಲುಗಳು ನಿಂತವು. ಕರೋನಾ ಕಾಲವಾದ್ದರಿಂದ ಬಹಳಷ್ಟು ಜನ ಮನೆಯಿಂದಲೇ ಕಚೇರಿಯ ಯಂತ್ರಗಳನ್ನು ಬಳಸುತ್ತಿದ್ದರು. ಅಂಥ ದಿನ ಕರೆಂಟ್ ಮರಳಿದರೂ ಎನ್‌ಕ್ರಿಪ್ಟ್ ಆದ ಸರ್ವರ್ ತಾನಾಗಿ ಏಳುವುದಿಲ್ಲ. ಯಾರಾದರೂ ಬಂದು ಪಾಸ್‌ಫ್ರೇಸ್ ಕೊಡಲೆಂದು ಕಾಯುತ್ತದೆ. ದೂರದಿಂದ ಒಳಬರಲು ದಾರಿ ಕೊಡುವ ಡ್ರಾಪ್‌ಬೇರ್ ಎಂಬ ಪುಟ್ಟ ಎಸ್‌ಎಸ್‌ಎಚ್ ತಂತ್ರಾಂಶವನ್ನು ಇನಿಟ್‌ರಾಮ್‌ಎಫ್‌ಎಸ್ಸಿನಲ್ಲಿ ಸೇರಿಸಿಟ್ಟರೆ ಬೊರಿವಲಿಯ ಮನೆಯಲ್ಲಿ ಕೂತು ಫೋರ್ಟಿನ ಸರ್ವರಿಗೆ ಪಾಸ್‌ಫ್ರೇಸ್ ಕೊಡಬಹುದು. ಹಲವು ಯಂತ್ರಗಳಿರುವ ಕಚೇರಿಗೆ ಕ್ಲೆವಿಸ್ ಮತ್ತು ಟ್ಯಾಂಗ್ ಜೋಡಿ ಹೊಂದುತ್ತದೆ: ಕಚೇರಿಯ ಜಾಲದೊಳಗೆ ಇರುವವರೆಗೆ ಯಂತ್ರ ತಾನೇ ತೆರೆದುಕೊಳ್ಳುತ್ತದೆ, ಕದ್ದು ಹೊರಗೊಯ್ದರೆ ತೆರೆಯುವುದಿಲ್ಲ. ಎರಡು ಮೂರು ಕೋಣೆಯ ಲೆಕ್ಕಪತ್ರದ ಕಚೇರಿಗಳೂ ಈ ವ್ಯವಸ್ಥೆ ಮಾಡಿಕೊಂಡರೆ ಎಷ್ಟು ಚೆನ್ನ ಎಂದು ನನಗೆ ಮನಸಾರೆ ಅನಿಸುತ್ತದೆ.

ಇಷ್ಟರಲ್ಲಿ ಯಾವುದನ್ನೇ ಮಾಡಲು ಹೊರಟರೂ ಮೊದಲ ಕೆಲಸ ಲಕ್ಸ್‌ನ ತಲೆಬರಹದ ಪ್ರತಿ ತೆಗೆದಿಡುವುದು. ಗೂಡುಗಳೆಲ್ಲ ಇರುವುದು ಡಿಸ್ಕಿನ ಆರಂಭದ ಆ ಸಣ್ಣ ಜಾಗದಲ್ಲಿ. ಅದು ಕೆಟ್ಟರೆ ಪಾಸ್‌ಫ್ರೇಸ್ ಸರಿಯಾಗಿ ನೆನಪಿದ್ದರೂ ಡಿಸ್ಕು ಯಾರಿಗೂ ತೆರೆಯುವುದಿಲ್ಲ, ನಿಮಗೂ ಕೂಡ. ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಮನೆಯಲ್ಲಿಡಿ, ಲ್ಯಾಪ್‌ಟಾಪಿನ ಬ್ಯಾಗಿನಲ್ಲಿ ಬೇಡ. ಸುತ್ತು ಇಳಿಸಿ, ಪದ ಹೆಚ್ಚಿಸಿ, ನಾಲ್ಕು ದಿನ ಯಂತ್ರ ಸರಿಯಾಗಿ ಎದ್ದದ್ದನ್ನು ನೋಡಿದ ಮೇಲೆ ಹೊಸ ಪ್ರತಿ ತೆಗೆದು ಹಳೆಯದನ್ನು ನಾಶಮಾಡಿ. ಹಳೆಯ ತಲೆಬರಹದಲ್ಲಿ ಹಳೆಯ ಪಾಸ್‌ಫ್ರೇಸಿನ ಗೂಡು ಹಾಗೆಯೇ ಇರುತ್ತದೆ. ಆ ಪ್ರತಿಯೂ ಆ ಪಾಸ್‌ಫ್ರೇಸೂ ಸಿಕ್ಕವನಿಗೆ ನಿಮ್ಮ ಡಿಸ್ಕು ಇವತ್ತಿಗೂ ತೆರೆದುಕೊಳ್ಳುತ್ತದೆ.